ಕಣ್ಣು ಕೊಟ್ಟ ಅಣ್ಣ ಡಾ. ಎಂ.ಸಿ. ಮೋದಿ: ಲಕ್ಷಾಂತರ ಮಂದಿಗೆ ಬೆಳಕು, ಇಂದಿನ ದವಾಖಾನೆಗಳಿಗೆ ಒಂದು ಪಾಠ

ಗೋಕಾಕ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹಿರಿಯರ ಹತ್ತಿರ ಕಣ್ಣಿನ ಪೊರೆಯ ಮಾತು ತೆಗೆದರೆ ಮೋದಿ ಡಾಕ್ಟರ ಹೆಸರು ಬಂದೇ ಬರುತ್ತದೆ. ದಪ್ಪ ಗಾಜಿನ ಚಸ್ಮಾ ಹಾಕಿಕೊಂಡು ಕಟ್ಟೆ ಮೇಲೆ ಕೂತ ಅಜ್ಜ-ಅಜ್ಜಿಯರ ಕಾಲದ ಹೆಸರು ಅದು. ಮುರಿಗೆಪ್ಪ ಚೆನ್ನವೀರಪ್ಪ ಮೋದಿ ಎಂಬ ಪೂರ್ತಿ ಹೆಸರು ಎಷ್ಟೋ ಮಂದಿಗೆ ಗೊತ್ತಿಲ್ಲ. ಕಣ್ಣು ಕೊಟ್ಟ ಅಣ್ಣ ಅಂದರೆ ಸಾಕು, ಗುರುತು ಸಿಗುತ್ತದೆ.

ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಅವರ ಹೆಸರಿನಲ್ಲಿರುವ ದಾಖಲೆಗಳ ಬಗ್ಗೆ ಬಹಳಷ್ಟು ಬರೆದಾಗಿದೆ. ಅಷ್ಟು ಕಣ್ಣುಗಳಿಗೆ ಅಷ್ಟು ವೇಗದಲ್ಲಿ ಚಾಕು ಹಚ್ಚುವಾಗ ಆ ಚಾಕು, ಆ ಚಿಮಟಾ, ಆ ಸೂಜಿ ಸ್ವಚ್ಛ ಇರುವುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿದವರು ಕಡಿಮೆ. ಇಂದು ತಾಲೂಕು ಆಸ್ಪತ್ರೆಯಿಂದ ಹಿಡಿದು ಖಾಸಗಿ ದವಾಖಾನೆಯವರೆಗೆ ಎಲ್ಲ ಕಡೆ ಪೊರೆ ಆಪರೇಷನ್ ಮಾಮೂಲಿ ಆಗಿರುವಾಗ ಮೋದಿಯವರ ಜೀವನವನ್ನು ಆ ಕಡೆಯಿಂದಲೂ ಒಮ್ಮೆ ನೋಡಬೇಕು.

ಅದೇ ಹೊಳೆಯ ಕೆಳದಂಡೆಯ ಹುಡುಗ

ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟಿಗೆ ಆನಿಕೊಂಡು, ಗೋಕಾಕದಲ್ಲಿ ಬಂಡೆಯಿಂದ ಧುಮುಕಿ, ಮೂಡಲಗಿ ಸೀಮೆಯ ಕಬ್ಬಿನ ಹೊಲಗಳನ್ನು ದಾಟಿ ಹೋಗುವ ಘಟಪ್ರಭೆ ಮುಂದೆ ಮುಧೋಳ ಕಡೆಯಿಂದ ಬೀಳಗಿ ತಾಲೂಕಿನ ಅಂಚು ಮುಟ್ಟುತ್ತದೆ. ಆ ಬೀಳಗಿಯಲ್ಲಿ 1916ರ ಅಕ್ಟೋಬರ್ 4ರಂದು ಮೋದಿ ಹುಟ್ಟಿದರು. ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ ಜಿಲ್ಲೆ.

ಬಯಲುಸೀಮೆಯ ಆ ಕಾಲದ ಹಳ್ಳಿಗಳಲ್ಲಿ ವಯಸ್ಸಾದವರು ಕುರುಡರಾಗುವುದು ಮಳೆ-ಬೆಳೆಯಷ್ಟೇ ಸಹಜ ಎಂದು ಮಂದಿ ಒಪ್ಪಿಕೊಂಡಿದ್ದರು. ಕಣ್ಣಾಗ ಹೂವು ಬಿತ್ತು, ಪೊರೆ ಬಂತು ಎಂದರೆ ಮೂಲೆಯ ಕಂಬಳಿ ಹಿಡಿಯುವುದೇ. ಕೆಲವೆಡೆ ಊರೂರು ಅಡ್ಡಾಡುತ್ತಿದ್ದ ನಾಟಿ ಪೊರೆ ವೈದ್ಯರು ಸೂಜಿ ಚುಚ್ಚಿ ಪೊರೆಗಟ್ಟಿದ ಮಸೂರವನ್ನು ಕಣ್ಣಿನ ತಳಕ್ಕೆ ಒತ್ತುತ್ತಿದ್ದರು. ತಕ್ಷಣ ಬೆಳಕು ಕಾಣುತ್ತಿತ್ತು. ರೊಕ್ಕ ಇಸಕೊಂಡು ಅವರು ಮುಂದಿನ ಊರಿಗೆ ಹೋದ ಮೇಲೆ ಎಷ್ಟೋ ಕಣ್ಣು ಕೀವಾಗಿ ಒಡೆದು ಹೋಗುತ್ತಿದ್ದವು. ತೊಳೆಯದ ಸೂಜಿ ಏನು ಮಾಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಮೋದಿ ಬೆಳಗಾವಿಯಲ್ಲಿ ವೈದ್ಯ ಶಿಕ್ಷಣ ಪಡೆದರು. ನಂತರ ಮುಂಬೈಗೆ ಹೋಗಿ ಕಣ್ಣಿನ ಚಿಕಿತ್ಸೆಯ ತರಬೇತಿ ಪಡೆದರು. ದೊಡ್ಡ ಪಟ್ಟಣದಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದರೆ ಕೈತುಂಬ ಗಳಿಕೆ ಇತ್ತು. ಅವರು ಆ ದಾರಿ ಹಿಡಿಯಲಿಲ್ಲ. ರೋಗಿ ಡಾಕ್ಟರ ಹತ್ತಿರ ಬರಲಾರ, ಅವನಿಗೆ ಕಣ್ಣೂ ಇಲ್ಲ, ಗಾಡಿ ಬಾಡಿಗೆಯೂ ಇಲ್ಲ, ಆದ್ದರಿಂದ ಡಾಕ್ಟರೇ ಊರಿಗೆ ಹೋಗಬೇಕು ಎಂಬುದು ಅವರ ವಿಚಾರ. 1943ರಲ್ಲಿ ಈಗಿನ ಗುಜರಾತಿನ ಪಾಟಣದಿಂದ ಉಚಿತ ನೇತ್ರ ಶಿಬಿರಗಳು ಶುರುವಾದವು. ಆಗ ಅವರ ವಯಸ್ಸು ಇಪ್ಪತ್ತೇಳರ ಒಳಗೆ.

ಶಾಲೆಯೇ ಆಸ್ಪತ್ರೆ, ಅಂಗಡಿಕಾರರೇ ಆಧಾರ

ಶಿಬಿರ ಅಂದರೆ ಊರಿಗೆ ಊರೇ ಒಂದಾಗುವ ಕೆಲಸ. ಶಾಲೆ, ಮಠ, ಧರ್ಮಶಾಲೆ, ಯಾವುದು ಸಿಕ್ಕರೆ ಅದನ್ನೇ ತೊಳೆದು ಸುಣ್ಣ ಹಚ್ಚಿ ಆಸ್ಪತ್ರೆ ಮಾಡಬೇಕು. ಊರ ವರ್ತಕರು ಜೋಳ, ಅಕ್ಕಿ, ಬೇಳೆ ಕೊಡಬೇಕು. ತರುಣರು ಸ್ವಯಂಸೇವಕರಾಗಿ ರೋಗಿಗಳ ಕೈ ಹಿಡಿದು ನಡೆಸಬೇಕು. ಆಪರೇಷನ್ ಆದವರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕು. ಕೆಮ್ಮಿದರೂ ಕಷ್ಟ, ತಲೆ ಎತ್ತಿದರೂ ಕಷ್ಟ.

ಆ ದಿನಗಳ ಪದ್ಧತಿಯಲ್ಲಿ ಕಣ್ಣಿನ ಮಸೂರವನ್ನು ಪೂರ್ತಿ ಹೊರಗೆ ತೆಗೆಯುತ್ತಿದ್ದರು, ಅದರ ಜಾಗಕ್ಕೆ ಬೇರೆ ಮಸೂರ ಇಡುತ್ತಿರಲಿಲ್ಲ. ಅದಕ್ಕೇ ದಪ್ಪ ಚಸ್ಮಾ ಬೇಕಾಗುತ್ತಿತ್ತು. ರೋಗಿಗಳನ್ನು ಸಾಲಾಗಿ ಮೇಜುಗಳ ಮೇಲೆ ಮಲಗಿಸಿ, ಸಹಾಯಕರು ಮರಗಟ್ಟುವ ಔಷಧ ಹಾಕಿ ಸಿದ್ಧ ಮಾಡಿಡುತ್ತಿದ್ದರು. ಮೋದಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದರು. ಕೊಯ್ಯುವುದು, ಪೊರೆ ತೆಗೆಯುವುದು ಅವರ ಕೈಯ ಕೆಲಸ. ಪಟ್ಟಿ ಕಟ್ಟುವುದು ಸಹಾಯಕರದ್ದು.

ಈ ವೇಗಕ್ಕೆ ಲೆಕ್ಕ ಇದೆ. ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು. ಇಡೀ 24 ತಾಸು ಕಣ್ಣು ಮುಚ್ಚದೆ ನಿಂತರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. 1993ರ ಫೆಬ್ರುವರಿವರೆಗಿನ ಅವರ ಒಟ್ಟು ಲೆಕ್ಕವನ್ನೂ ಅದೇ ಪುಸ್ತಕ ಕೊಟ್ಟಿತು: 46,120 ಹಳ್ಳಿಗಳ ಭೇಟಿ, 1 ಕೋಟಿ 21 ಲಕ್ಷಕ್ಕೂ ಹೆಚ್ಚು ರೋಗಿಗಳ ತಪಾಸಣೆ, 6,10,564 ಆಪರೇಷನ್. ಐವತ್ತು ವರ್ಷಕ್ಕೆ ಹಂಚಿದರೆ ಹಬ್ಬ-ಹುಣ್ಣಿಮೆ ಅನ್ನದೆ ದಿನಕ್ಕೆ 33 ಕಣ್ಣು.

ಕುದಿಯುವ ನೀರು, ಸ್ಪಿರಿಟ್, ಹರಿತದ ಚಿಂತೆ

ಒಂದು ಕಣ್ಣಿಗೆ ಏನೇನು ಬೇಕಿತ್ತು? ರೆಪ್ಪೆ ಅಗಲಿಸಿ ಹಿಡಿಯುವ ತಂತಿ, ಕಣ್ಣು ಅಲುಗದಂತೆ ಹಿಡಿಯುವ ಸಣ್ಣ ಚಿಮಟಾ, ಹುಲ್ಲುಕಡ್ಡಿಯಂಥ ತೆಳುವಾದ ಗ್ರೇಫ ಚಾಕು, ಸಣ್ಣ ಕತ್ತರಿ, ಪೊರೆಯನ್ನು ಹಿಡಿದೆಳೆಯುವ ಇನ್ನೊಂದು ಚಿಮಟಾ, ಸೂಜಿ-ದಾರ. ಇವೆಲ್ಲ ಅಕ್ಕಸಾಲಿಗರ ಸಾಮಾನಿನಷ್ಟು ನಾಜೂಕು.

ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯದ ಕೀವು ತಡೆಯಬಹುದೆಂದು ತೋರಿಸಿದ್ದರು. 1879ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಬಳಗದ ಚಾರ್ಲ್ಸ್ ಶಾಂಬರ್ಲಾಂಡ್ ಒತ್ತಡದ ಹಬೆಯ ಯಂತ್ರ, ಅಂದರೆ ಆಟೋಕ್ಲೇವ್ ಮಾಡಿದ್ದರು. ಆದರೆ ಕರೆಂಟು ಇಲ್ಲದ ಹಳ್ಳಿಯ ಶಾಲೆಗೆ ಅದು ಎಲ್ಲಿಂದ ಬರಬೇಕು? ಆ ಕಾಲದ ಶಿಬಿರಗಳ ರೂಢಿ ಎಂದರೆ ಸ್ಟೋವಿನ ಮೇಲೆ ನೀರು ಕುದಿಸಿ ಚಿಮಟಾ-ತಂತಿಗಳನ್ನು ಅದರಲ್ಲಿ ಹಾಕುವುದು. ಹರಿತವಾದ ಚಾಕುವನ್ನು ಕುದಿಸಿದರೆ ಮೊಂಡಾಗುತ್ತದೆ, ಆದ್ದರಿಂದ ಅದಕ್ಕೆ ಸ್ಪಿರಿಟ್, ಲೈಸಾಲ್ ಅಥವಾ ಕಾರ್ಬಾಲಿಕ್ ಸ್ನಾನ. ನಂತರ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಮುಂದಿನ ಕಣ್ಣಿಗೆ.

ಈ ಪದ್ಧತಿಗೆ ಎರಡು ಕೊರತೆ ಇದ್ದವು. ಕುದಿಯುವ ನೀರು ಬಹುಪಾಲು ಕ್ರಿಮಿಗಳನ್ನು ಕೊಲ್ಲುತ್ತದೆ, ಆದರೆ ಕೆಲವು ಕ್ರಿಮಿಗಳು ಗಟ್ಟಿ ಚಿಪ್ಪಿನ ಬೀಜದಂತೆ ಬದುಕಿ ಉಳಿಯುತ್ತವೆ. ಸ್ಪಿರಿಟ್ಟಿಗೂ ಅವು ಜಗ್ಗುವುದಿಲ್ಲ. ಎರಡನೆಯದು ಸಮಯ. ರೋಗಿಗಳ ಸಾಲು ಬೆಳೆದಷ್ಟೂ ಸಾಮಾನಿನ ಸರದಿ ಬೇಗ ಬರಬೇಕು. ಹತ್ತು ನಿಮಿಷ ನೆನೆಯಬೇಕಾದ ಚಾಕು ಮೂರೇ ನಿಮಿಷಕ್ಕೆ ಹೊರಗೆ ಬಂದರೆ ತಡೆಯುವವರು ಯಾರು? ದೊಡ್ಡ ಶಿಬಿರ ನಡೆಸಿದ ಎಲ್ಲರ ಎದುರೂ ಇದ್ದ ಕಷ್ಟ ಇದು. ವೈದ್ಯರ ಕೈ ಎಷ್ಟೇ ವೇಗವಿದ್ದರೂ, ಒಲೆ ಮುಂದೆ ಕೂತು ಸಾಮಾನು ಕುದಿಸುವ ಸಹಾಯಕನ ಶಿಸ್ತಿನ ಮೇಲೆ ರೋಗಿಯ ಕಣ್ಣು ನಿಂತಿರುತ್ತಿತ್ತು.

ಕಾಲು-ಕೈಗೆ ಗಾಯವಾದರೆ ರಕ್ತ ಹರಿದು ಬಂದು ಕ್ರಿಮಿಗಳ ಜೊತೆ ಕಾದಾಡುತ್ತದೆ. ಕಣ್ಣಿನ ಒಳಗೆ ತುಂಬಿರುವ ಲೋಳೆಯಂಥ ತಿಳಿ ಪದಾರ್ಥದಲ್ಲಿ ರಕ್ತನಾಳವೇ ಇಲ್ಲ. ಅಲ್ಲಿ ಹೊಕ್ಕ ಕ್ರಿಮಿಗೆ ಅದು ಕಾವಲಿಲ್ಲದ ಕಣಜ ಇದ್ದಂತೆ. ಒಂದೆರಡು ದಿನದಲ್ಲಿ ನೋವು, ಕೆಂಪು, ಕೀವು, ಆಮೇಲೆ ಕತ್ತಲು. 1943ರಲ್ಲಿ ನಮ್ಮ ಹಳ್ಳಿಗಳಿಗೆ ಪೆನ್ಸಿಲಿನ್ ಕೂಡ ಬಂದಿರಲಿಲ್ಲ ಎಂಬುದು ನೆನಪಿರಲಿ. ಅಂಥ ದಿನಗಳಲ್ಲಿ ಹಳ್ಳಿಯಲ್ಲಿ ನಿಂತು ಕಣ್ಣು ತೆರೆಯುವ ಧೈರ್ಯ ಮಾಡಿದ ಮೋದಿಯವರ ಲೆಕ್ಕಾಚಾರ ಸರಳ. ಆಪರೇಷನ್ ಮಾಡದಿದ್ದರೆ ಆ ಮನುಷ್ಯ ಹೇಗೂ ಕುರುಡ. ಮಾಡಿದರೆ ಬಹುಪಾಲು ಮಂದಿ ನೋಡುತ್ತಾರೆ.

ಪ್ರಶಸ್ತಿ ಬಂದರೂ ನಿಲ್ಲದ ಗಾಡಿ

ಸ್ವಾತಂತ್ರ್ಯ ಬಂದ ಮೇಲೆ ಅವರ ಶಿಬಿರಗಳು ದೇಶದ ಹಲವು ರಾಜ್ಯಗಳಿಗೆ ಹಬ್ಬಿದವು. 1956ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಕೊಟ್ಟಿತು, 1968ರಲ್ಲಿ ಪದ್ಮಭೂಷಣ. ಆದರೆ ಮಂದಿ ಕೊಟ್ಟ ಹೆಸರೇ ಹೆಚ್ಚು ಉಳಿಯಿತು. ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಎದ್ದಿತು. ವೆಸ್ಟ್ ಆಫ್ ಕಾರ್ಡ್ ರಸ್ತೆಯ ಆ ಭಾಗದಲ್ಲಿ ಮೋದಿ ಆಸ್ಪತ್ರೆ ರಸ್ತೆ ಅಂದರೆ ಇವತ್ತಿಗೂ ಆಟೋದವರಿಗೆ ಗೊತ್ತು.

ಅಷ್ಟರಲ್ಲಿ ಕಣ್ಣಿನ ವೈದ್ಯವೇ ಬದಲಾಗುತ್ತಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರ ಇಟ್ಟು ತೋರಿಸಿದ್ದರು. ಅದು ನಮ್ಮ ಕಡೆಯ ಬಡವರಿಗೆ ದಕ್ಕಲು ದಶಕಗಳೇ ಹಿಡಿದವು. 1976ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಸೂಕ್ಷ್ಮದರ್ಶಕ ಬಂತು, ಸಣ್ಣ ಕೊಯ್ತ ಬಂತು, ಆಮೇಲೆ ಪೊರೆಯನ್ನು ಒಳಗೇ ಪುಡಿ ಮಾಡಿ ಹೀರುವ ಫೇಕೋ ಯಂತ್ರವೂ ಬಂತು. ಮಸೂರ ಇಡುವ ಆಪರೇಷನ್ ಶಾಲೆಯ ಕೋಣೆಯಲ್ಲಿ ಮಾಡುವಂಥದ್ದಲ್ಲ. ಹೀಗಾಗಿ ಹಳ್ಳಿಯ ಶಿಬಿರದಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ ಎಂಬ ನಿಯಮ ಬಂತು. ಇವತ್ತು ಊರಿಗೆ ವ್ಯಾನು ಬಂದು ರೋಗಿಗಳನ್ನು ಕರಕೊಂಡು ಹೋಗಿ, ಮರುದಿನ ತಂದು ಬಿಡುವುದು ಆ ಬದಲಾವಣೆಯ ಫಲ. ಡಾಕ್ಟರೇ ಊರಿಗೆ ಬರಬೇಕು ಎಂಬ ಮೋದಿಯವರ ಅರ್ಧ ವಿಚಾರ ಅದರಲ್ಲಿ ಉಳಿದಿದೆ.

ಥಿಯೇಟರ್ ಬಂದರೂ ಚಿಂತೆ ಮುಗಿಯಲಿಲ್ಲ

ಆಸ್ಪತ್ರೆಗೆ ಬಂದ ಮಾತ್ರಕ್ಕೆ ಅಪಾಯ ಹೋಯಿತು ಎಂದು ತಿಳಿಯುವಂತಿಲ್ಲ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಆಪರೇಷನ್ ಮಾಡಿಸಿಕೊಂಡ ಹಲವರು ದೃಷ್ಟಿ ಕಳಕೊಂಡರು. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಒಂದೇ ದಿನ ಆಪರೇಷನ್ ಆದ 20ಕ್ಕೂ ಹೆಚ್ಚು ಮಂದಿಗೆ ತೊಂದರೆಯಾಗಿ ಕೆಲವರ ಕಣ್ಣೇ ಹೋಯಿತು. ಅಲ್ಲಿ ಬೆರಳು ತೋರಿದ್ದು ಕಣ್ಣಿನೊಳಗೆ ಬಳಸಿದ ಜೆಲ್ ಔಷಧದ ಕಡೆಗೆ. ಕಾರಣ ಚಾಕು ಇರಲಿ, ದ್ರವ ಇರಲಿ, ಕಣ್ಣಿನೊಳಗೆ ಹೋಗುವ ಪ್ರತಿ ವಸ್ತುವಿಗೂ ಲೆಕ್ಕ ಇಡಬೇಕು ಎಂಬ ಪಾಠ ಒಂದೇ.

ಇಂದಿನ ಸಾಮಾನು ಮೋದಿಯವರ ಕಾಲದ್ದಕ್ಕಿಂತ ತೊಳೆಯಲು ಕಷ್ಟ. ಆಗಿನ ಚಾಕು-ಚಿಮಟಾ ಗಟ್ಟಿ ಲೋಹ. ಈಗಿನ ಫೇಕೋ ಹಿಡಿಕೆ, ನೀರು ಹಾಯಿಸುವ ಸಣ್ಣ ಕೊಳವೆಗಳ ಒಳಗೆ ದಾರದಷ್ಟು ತೂತು. ಆಪರೇಷನ್ನಿನ ಜೆಲ್ ಆ ತೂತಿನಲ್ಲಿ ಒಣಗಿತೆಂದರೆ, ಅನ್ನ ಹತ್ತಿದ ಪಾತ್ರೆಯಂತೆ, ಬಿಡುವುದೇ ಇಲ್ಲ. ಅದರ ಮೇಲೆ ಎಷ್ಟು ಹಬೆ ಕೊಟ್ಟರೂ ಕೊಳೆ ಹೋಗದು. ಆದ್ದರಿಂದ ಮೊದಲು ತೊಳೆ, ಆಮೇಲೆ ಹಬೆ ಎಂಬುದು ಕಣ್ಣಿನ ಥಿಯೇಟರಿನ ಮೊದಲ ನಿಯಮ.

ಕ್ರಮ ಹೀಗಿದೆ. ಆಪರೇಷನ್ ಮುಗಿದ ತಕ್ಷಣ ಸಾಮಾನನ್ನು ಒರೆಸಿ ಹಸಿಯಾಗಿಯೇ ಇಡಬೇಕು. ಕೊಳವೆಗಳಿಗೆ ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರನ್ನು ಸಿರಿಂಜಿನಿಂದ ಹಾಯಿಸಬೇಕು. ನಮ್ಮ ಕಡೆಯ ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದು ಎಲ್ಲರ ಮನೆಯಲ್ಲೂ ಕಂಡದ್ದೇ. ಆ ಸುಣ್ಣದ ಅಂಶ ತೂತಿನೊಳಗೆ ಕೂತರೆ ಹೇಗೆ? ಸೋಪಿನ ದ್ರಾವಣ ಬಳಸಿದರೆ ಒಂದು ಹನಿಯೂ ಉಳಿಯದಂತೆ ಮತ್ತೆ ಮತ್ತೆ ತೊಳೆಯಬೇಕು. ಸೋಪಿನ ಅಂಶ, ಸತ್ತ ಕ್ರಿಮಿಗಳ ವಿಷ ಉಳಿದರೆ ಕ್ರಿಮಿ ಒಂದೂ ಇಲ್ಲದೆಯೂ ಆಪರೇಷನ್ ಆದ ಒಂದೆರಡು ದಿನದಲ್ಲೇ ಕಣ್ಣು ಮಬ್ಬಾಗಿ ಊದಿಕೊಳ್ಳುತ್ತದೆ. ಬಳಿಕ ಭೂತಗನ್ನಡಿಯಲ್ಲಿ ನೋಡಿ, ಗಾಳಿ ಊದಿ ಒಣಗಿಸಿ, ಬಟ್ಟೆ ಅಥವಾ ವಿಶೇಷ ಕಾಗದದಲ್ಲಿ ಸುತ್ತಬೇಕು.

ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್ ಎಂದೇ ತಿಳಿಯಬಹುದು. 15 ಪೌಂಡ್ ಒತ್ತಡ, 121 ಡಿಗ್ರಿ ಸೆಲ್ಸಿಯಸ್ ಶಾಖ, ಸುತ್ತಿದ ಸಾಮಾನಿಗೆ 30 ನಿಮಿಷ. ನಡುವೆ ಕರೆಂಟು ಹೋದರೆ ಉಳಿದ ನಿಮಿಷ ಆಮೇಲೆ ಸೇರಿಸುವಂತಿಲ್ಲ, ಮೊದಲಿಂದ ಶುರು ಮಾಡಬೇಕು. ತೆಗೆದ ಗಂಟು ಹಸಿ ಇದ್ದರೆ ಅದು ಶುದ್ಧವಲ್ಲ. ಗಂಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆ ಮೂಡಿದರೆ ಶಾಖ ತಾಗಿತು ಎಂದು ಮಾತ್ರ ಅರ್ಥ. ಒಳಗಿನ ಕ್ರಿಮಿ ಸತ್ತಿತೇ ಎಂದು ನೋಡಲು, ಹಬೆಗೆ ಸುಲಭವಾಗಿ ಸಾಯದ ನಿರುಪದ್ರವಿ ಕ್ರಿಮಿಯ ಬೀಜ ಇರುವ ಸಣ್ಣ ಶೀಷೆಯನ್ನು ಒಳಗಿಟ್ಟು ಪರೀಕ್ಷೆ ಮಾಡುತ್ತಾರೆ.

ವ್ಯಾಪಾರಿಗೆ ಗೊತ್ತಿರುವ ವಿದ್ಯೆ

ಉಳಿದದ್ದು ಲೆಕ್ಕ. ಇದು ಗೋಕಾಕ ಪೇಟೆಯ ಯಾವ ಅಂಗಡಿಕಾರನಿಗೂ ಹೇಳಿಕೊಡಬೇಕಿಲ್ಲ. ದಿನಕ್ಕೆ 30 ಆಪರೇಷನ್ ಇಟ್ಟುಕೊಂಡು ಸಾಮಾನಿನ ಸೆಟ್ಟು ಐದೇ ಇದ್ದರೆ ಏನಾಗುತ್ತದೆ? ಪ್ರತಿ ಸೆಟ್ಟು ಆರು ಸಲ ತಿರುಗಬೇಕು. ತೊಳೆಯಲು, ಹಬೆಗೆ, ಒಣಗಲು, ಆರಲು ಸೇರಿ ಒಂದು ಸುತ್ತಿಗೆ ಒಂದೂವರೆ ತಾಸು ಹಿಡಿದರೂ ಸಾಮಾನಿಗೇ ಒಂಬತ್ತು ತಾಸು. ಆಗ ಯಾರೋ ಒಬ್ಬರು ಅವಸರ ಮಾಡಿಯೇ ಮಾಡುತ್ತಾರೆ. ಸೆಟ್ಟು ಹೆಚ್ಚಿಸಬೇಕು, ಇಲ್ಲವೇ ಆಪರೇಷನ್ ಕಡಿಮೆ ಮಾಡಬೇಕು. ಮೂರನೇ ದಾರಿ ಇಲ್ಲ.

ಅಂಗಡಿಯಲ್ಲಿ ಮೊದಲು ಬಂದ ಮಾಲು ಮೊದಲು ಹೋಗುವಂತೆ, ಕಪಾಟಿನಲ್ಲಿ ಮೊದಲು ಇಟ್ಟ ಗಂಟು ಮೊದಲು ಹೋಗಬೇಕು. ಗಂಟಿನ ಮೇಲೆ ತಾರೀಖು, ಯಾವ ಯಂತ್ರದ ಎಷ್ಟನೇ ಸುತ್ತು, ತೊಳೆದವರು ಯಾರು ಎಂದು ಬರೆದಿರಬೇಕು. ಆ ನಂಬರು ರೋಗಿಯ ಕಾಗದದಲ್ಲೂ ಬರಬೇಕು. ಜೆಲ್ಲು, ತೊಳೆಯುವ ದ್ರವ, ಮಸೂರ ಇವುಗಳ ಬ್ಯಾಚ್ ನಂಬರೂ ಹಾಗೆಯೇ. ಒಂದು ಕಣ್ಣಿಗೆ ತೊಂದರೆ ಕಂಡ ಕೂಡಲೇ ಖಾತೆ ತೆಗೆದು ನೋಡಿ, ಅದೇ ಸುತ್ತಿನ ಉಳಿದ ರೋಗಿಗಳನ್ನು ವಾಪಸ್ ಕರೆಸಬಹುದು, ಥಿಯೇಟರ್ ನಿಲ್ಲಿಸಬಹುದು. ಖಾತೆ ಇಲ್ಲದಿದ್ದರೆ ಹತ್ತು ಕಣ್ಣು ಹೋಗುವವರೆಗೆ ಗೊತ್ತೇ ಆಗುವುದಿಲ್ಲ.

ಮನೆಯ ಹಿರಿಯರನ್ನು ಆಪರೇಷನ್ನಿಗೆ ಕರೆದೊಯ್ಯುವವರು ಮೂರು ಮಾತು ಕೇಳಿದರೆ ತಪ್ಪಿಲ್ಲ. ಪ್ರತಿ ರೋಗಿಗೆ ಬೇರೆ ಸೆಟ್ಟು ಬಳಸುತ್ತೀರಾ? ಹಬೆಯ ಪರೀಕ್ಷೆಯ ದಾಖಲೆ ಇದೆಯೇ? ಬಳಸಿದ ಮಸೂರ, ಔಷಧದ ನಂಬರು ಡಿಸ್ಚಾರ್ಜ್ ಕಾಗದದಲ್ಲಿ ಬರೆಯುತ್ತೀರಾ? ಚಲೋ ದವಾಖಾನೆಯವರು ಇದಕ್ಕೆ ಸಿಟ್ಟಾಗುವುದಿಲ್ಲ. ಮನೆಗೆ ಬಂದ ಮೇಲೆ ನೋವು, ಕೆಂಪು ಹೆಚ್ಚಾದರೆ, ಕೀವು ಕಂಡರೆ, ನಿನ್ನೆ ಕಂಡದ್ದು ಇಂದು ಮಬ್ಬಾದರೆ, ಅಮಾವಾಸ್ಯೆ ಕಳೆಯಲಿ, ಸಂತಿ ಮುಗಿಯಲಿ ಅನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ತಾಸಿನ ಲೆಕ್ಕ.

ಕೊನೆಯ ದಿನಗಳು

ಮೋದಿ 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 89. ಅವರಿಂದ ಕಣ್ಣು ಪಡೆದ ಬಹುಪಾಲು ಮಂದಿ ಅವರಿಗಿಂತ ಮುಂಚೆಯೇ ಹೋಗಿದ್ದರು. ಕೊನೆಯ ಹತ್ತಿಪ್ಪತ್ತು ವರ್ಷ ಮೊಮ್ಮಕ್ಕಳ ಮುಖ ನೋಡಿ, ತಾವೇ ಕೈಯಾರೆ ರೊಟ್ಟಿ ಮುರಿದು ಉಂಡು ಹೋದವರು ಅವರು.

ಒಂದೇ ದಿನಕ್ಕೆ 833 ಕಣ್ಣು ಎಂಬ ಲೆಕ್ಕ ಇಂದು ಯಾವ ಆಸ್ಪತ್ರೆಯೂ ಅನುಸರಿಸಬೇಕಾದದ್ದಲ್ಲ, ಅನುಸರಿಸಲೂಬಾರದು. ಬಡವನ ಮನೆ ಬಾಗಿಲಿಗೆ ಕಣ್ಣಿನ ವೈದ್ಯ ಹೋಗಬೇಕು ಎಂಬ ಅವರ ಹಟ ಮಾತ್ರ ಉಳಿಯಬೇಕು. ಅದರ ಜೊತೆಗೆ ಥಿಯೇಟರಿನ ಹಿಂದಿನ ಕೋಣೆಯಲ್ಲಿ ನಿಂತು ಸಣ್ಣ ತೂತಿಗೆ ನೀರು ಹಾಯಿಸುವ ಸಿಬ್ಬಂದಿಗೆ ಸಾಕಷ್ಟು ಸಾಮಾನು, ಸಾಕಷ್ಟು ಸಮಯ, ಸರಿಯಾದ ತರಬೇತಿ ಸಿಗಬೇಕು. ಮೂರೂ ತಾಲೂಕಿನ ಜನಪ್ರತಿನಿಧಿಗಳು, ದಾನಿಗಳು, ಶಿಬಿರ ನಡೆಸುವ ಸಂಘ-ಸಂಸ್ಥೆಗಳು ಮುಂದಿನ ಸಲ ಬ್ಯಾನರ್ ಕಟ್ಟುವ ಮುಂಚೆ ಆಸ್ಪತ್ರೆಗೆ ಇನ್ನೈದು ಸೆಟ್ಟು ಸಾಮಾನು, ಒಂದು ಒಳ್ಳೆಯ ಆಟೋಕ್ಲೇವ್ ಕೊಡಿಸುವ ವಿಚಾರ ಮಾಡಿದರೆ, ಮೋದಿ ಡಾಕ್ಟರ ಹೆಸರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಬೇಕಿಲ್ಲ.